ಒಂದೇ ಅಳತೆಯ ಮದ್ದು

ಮೆಕಿನ್ನಿ, ಟೆಕ್ಸಾಸ್
ಭಾನುವಾರ, ಏಪ್ರಿಲ್ ೧೩, ೨೦೨೫

ಪ್ರೀತಿಯ ಚನ್ನಮಲ್ಲಪ್ಪಣ್ಣನಿಗೆ,

ನಿನ್ನ ತಂಗಿ ಸುಮಿತ್ರವ್ವನ ಶರಣು. ಯುಗಾದಿಗೇ ಬರೆಯಬೇಕಾಗಿತ್ತು, ತಡವಾಯಿತು, ಸಿಟ್ಟಾಗಬೇಡ. ಇಲ್ಲಿ ನಾವು ಆರಾಮ. ಆಸ್ಟಿನ್‌ನಲ್ಲಿ ಓದುವ ಮಗಳು ನಿಧಿಯೂ ಆರಾಮ. ನಿನ್ನೆ ಒಂದು ಸಂಗತಿ ನಡೆಯಿತು. ನಿನಗೆ ಹೇಳುವತನಕ ನನಗೆ ಊಟ ಸೇರುವುದಿಲ್ಲ. ಲಿಂಗಪೂಜೆಗೆ ಕೂತರೂ ಅದೇ ಧ್ಯಾನ, ಶಿವ ಕ್ಷಮಿಸಲಿ.

ನಮ್ಮ ಮನೆಯವರಿಗೆ ಬಂದೂಕಿನ ಹುಚ್ಚು ಹಿಡಿದಿದೆ. "ಜೀವ ತಗಿಯೋ ವಸ್ತು ಲಿಂಗ ಕಟ್ಟಿದವರ ಮನ್ಯಾಗ ಯಾಕ್ರಿ?" ಅಂದರೆ, "ಹಕ್ಕಿಗಲ್ಲ ಬಿಡ, ಮಣ್ಣಿನ ಬಿಲ್ಲಿ ಹಾರಿಸಿ ಒಡೀತೀವಿ" ಅಂದರು. ಪ್ರತಿ ಭಾನುವಾರ ಡಲ್ಲಾಸ್ ಆಚೆಯ ಮೈದಾನಕ್ಕೆ ಹೋಗುವುದು, ಹಾರಿಸಿದ ಶೆಲ್ಲುಗಳ, ಅಂದರೆ ತೋಟಾಗಳ, ಖಾಲಿ ಸಿಪ್ಪೆ ಆರಿಸಿ ತರುವುದು, ಗ್ಯಾರೇಜಿನಲ್ಲಿ ಕೂತು ಮತ್ತೆ ತುಂಬುವುದು. ಯಂತ್ರದ ಹಿಡಿಕೆ ಒತ್ತಿದರೆ ಹಿತ್ತಾಳೆಯ ಪುಟ್ಟ ಅಳತೆ ತುಂಬ ಮದ್ದು ಬೀಳುತ್ತದೆ, ಅದರ ಮೇಲೆ ಸೀಸದ ಚೂರು. ತುಂಬಿದ್ದನ್ನು ಡಬ್ಬಿಗೆ ಜೋಡಿಸುವುದು ನನ್ನ ಪಾಲಿನ ಕೆಲಸ.

ನಿನ್ನೆ ಹಳೆಯ ಮದ್ದು ಮುಗಿಯಿತು. ಹ್ಯೂಸ್ಟನ್ನಿನ ಗೆಳೆಯ ಶ್ರೀಪತಿ ಕೊಟ್ಟಿದ್ದ ಬೇರೆ ಜಾತಿಯ ಮದ್ದಿನ ಡಬ್ಬಿ ಒಡೆದರು. ಅಳತೆ ಮಾತ್ರ ಅದೇ ಇಟ್ಟು ತುಂಬತೊಡಗಿದರು. ಹಳೆಯದು ಚಕ್ಕೆ ಚಕ್ಕೆ, ಹಗುರ. ಹೊಸದು ಗಸಗಸೆಯ ಹಾಗೆ ನುಣ್ಣಗೆ. ನನಗೆ ಅವ್ವ ಪಂಚಮಿಗೆ ಅರಳು ಹುರಿಯುತ್ತಿದ್ದದ್ದು ನೆನಪಾಯಿತು. ಸೇರಿನ ತುಂಬ ಅರಳಿದ್ದರೆ ಕೈಗೆ ತೂಕವೇ ಇಲ್ಲ. ಅದೇ ಸೇರಿನ ತುಂಬ ಜೋಳ ಹಾಕಿದರೆ ಕೈ ಜಗ್ಗುತ್ತದೆ.

"ನಿಂದರ್ರಿ" ಅಂದೆ. "ಅಳತಿ ಒಂದ ಇದ್ರ ತೂಕಾನೂ ಒಂದ ಇರತೈತೇನು?"

"ಇನ್ನ ನೀ ನನಗ ಮದ್ದಿನ ಪಾಠ ಹೇಳು! ಹೋಗು, ರೊಟ್ಟಿ ಬಡಿ."

"ರೊಟ್ಟಿ ಆಮ್ಯಾಲ. ಮೊದಲ ತೂಗ್ರಿ."

ತೂಗಿದೆವು. ಇಲ್ಲಿ ಮದ್ದಿನ ತೂಕಕ್ಕೆ ಗ್ರೇನ್ ಅನ್ನುತ್ತಾರೆ. ಹಳೆಯದು ಹದಿನೆಂಟು. ಹೊಸದು ಇಪ್ಪತ್ತೇಳು! ಒಂದೂವರೆ ಪಟ್ಟು, ಅಣ್ಣಾ! ಇವರು ಕನ್ನಡಕ ಏರಿಸಿ ಮದ್ದಿನ ತೂಕದ ಪುಸ್ತಕ ತೆಗೆದು ನೋಡಿದರು. "ಹಾರಿಸಿದ್ದರ ನಳಿಗೀನ ಸೀಳತಿತ್ತು" ಅಂದರು. ತುಂಬಿದ್ದ ಹನ್ನೊಂದು ಶೆಲ್ಲುಗಳನ್ನೂ ಒಂದೊಂದಾಗಿ ಬಿಚ್ಚಿದರು. ಆಮೇಲೆ ರೊಟ್ಟಿಯ ಸುದ್ದಿ ಎತ್ತಲಿಲ್ಲ!

ನಿಧಿಗೆ ಫೋನಿನಲ್ಲಿ ಹೇಳಿದರೆ, "ಅಮ್ಮಾ, ದಟ್ಸ್ ಡೆನ್ಸಿಟಿ!" ಎಂದು ಕಿರುಚಿದಳು. ಏಳನೇ ಇಯತ್ತೆ ಓದಿದವಳಿಗೆ ಡೆನ್ಸಿಟಿ ಸಿಕ್ಕಿತು ನೋಡು. ಶ್ರೀಪತಿಯಂತೂ, "ಅಕ್ಕಾರ, ಅವರನ್ನ ಮನ್ಯಾಗ ಬಿಟ್ಟು ನೀವ ಕ್ಲಬ್ಬಿಗೆ ಬರ್ರಿ" ಎಂದು ಕಾಡಿಸಿದರು.

ನಗುತ್ತಾ ಫೋನ್ ಇಟ್ಟವಳಿಗೆ ನಿನ್ನ ಕೈ ಕಣ್ಣಿಗೆ ಕಟ್ಟಿತು. ನಾವು ಚಿಕ್ಕವರಿದ್ದಾಗ, ಹೊಲದ ಹಂದಿ ಓಡಿಸಲು ಬರೀ ಸಪ್ಪಳಕ್ಕೆಂದು ಅಪ್ಪ ಇಟ್ಟಿದ್ದ ಬಂದೂಕು ನೀನು ಹಾರಿಸುವಾಗ ಸೀಳಿ, ನಿನ್ನ ಬಲಗೈಯ ಮೂರು ಬೆರಳು ಹೋದವಲ್ಲ. "ಒಂದ ಅಳತಿ ಹಾಕೇನಿ" ಎಂದು ನೀನು ಅಳುತ್ತಿದ್ದೆ. "ಎರಡ ಸುರದಾನ, ಮ್ಯಾಲ ಸುಳ್ಳ ಬ್ಯಾರೆ" ಎಂದು ಅಪ್ಪ ಸಾಯುವತನಕ ಅಂದರು. ಅಣ್ಣಾ, ಅಳತೆ ಒಂದೇ ಆಗಿತ್ತು. ಮದ್ದು ಬೇರೆಯಾಗಿತ್ತು. ನೀನು ಹೇಳಿದ್ದು ಖರೆ! ಇದನ್ನು ಊರಿನಲ್ಲಿ ಎಲ್ಲರಿಗೂ ಓದಿ ಹೇಳು.

ಅತ್ತಿಗೆಗೆ ಶರಣು, ಮಕ್ಕಳಿಗೆ ಆಶೀರ್ವಾದ. ಶಿವ ನಿಮ್ಮ ಮನೆಯನ್ನು ತಣ್ಣಗಿಡಲಿ.

ನಿನ್ನ ತಂಗಿ,
ಸುಮಿತ್ರವ್ವ

ತಾ.ಕ.: ಮದ್ದು ಬೇರೆಯಾಗಿತ್ತೆಂದು ನನಗೆ ಹೇಗೆ ಗೊತ್ತು ಎಂದು ನೀನು ಕೇಳುವುದಿಲ್ಲ. ಆ ದಿನ ಹಳೆಯದು ಮುಗಿದಿತ್ತು. ಅಟ್ಟದ ಮೇಲಿನ ಹೊಸ ಡಬ್ಬಿ ಒಡೆದು, ಅಳತೆ ತುಂಬಿ ನಿನ್ನ ಕೈಗೆ ಕೊಟ್ಟವಳು ನಾನು. ನನಗಾಗ ಹನ್ನೆರಡು ವರ್ಷ. ಒಂದೇ ತುಂಬಿದ್ದೆ, ನನಗೆ ಗೊತ್ತಿತ್ತು. ಅಪ್ಪ ಕೇಳಿದಾಗ "ನಾ ನೋಡಿಲ್ಲ" ಅಂದೆ. ನೀನು ನನ್ನ ಮುಖ ನೋಡಿದೆ, ನನ್ನ ಹೆಸರು ಹೇಳಲಿಲ್ಲ. ಊರಿನವರಿಗೆ ಓದುವಾಗ ಇದನ್ನೂ ಓದು. ಉತ್ತರವನ್ನು ಮಕ್ಕಳ ಕೈಯಲ್ಲಿ ಬರೆಸಬೇಡ. ನಿನ್ನ ಎಡಗೈ ಅಕ್ಷರ ನನಗೆ ಓದಲು ಬರುತ್ತದೆ.