ಎರಡೂ ಕೈ ಮುರಿದವಳು

ಭಾನುವಾರ, ಊಟವಾದ ಮೇಲೆ

ಅಮ್ಮಾ,

ಕನ್ನಡಕ ಹಾಕಿಕೊಂಡು, ಕುಳಿತುಕೊಂಡು ಓದು. ನಿಂತು ಓದಿದರೆ ಅರ್ಧಕ್ಕೇ ಮಡಚಿಟ್ಟು ಒಲೆ ಮೇಲೆ ಏನೋ ಇದೆ ಅಂತ ಎದ್ದು ಹೋಗಿಬಿಡುತ್ತೀಯ. ಅಣ್ಣನ ಮನೆಗೆ ಹೋದಾಗಿನಿಂದ ನಾನು ಫೋನು ಮಾಡಿದರೆ ತಕ್ಷಣ ಅವನ ಕೈಗೆ ಕೊಡುತ್ತೀಯ. ಪಾಪ, ನಮ್ಮಿಬ್ಬರ ಮಧ್ಯೆ ಸಿಕ್ಕಿಕೊಂಡು ಅವನು ಹೈರಾಣಾಗಿದ್ದಾನೆ. "ಆ ಬರೆದಿರೋದನ್ನೆಲ್ಲ ಅಳಿಸಿದ್ರೆ ಅಮ್ಮ ನಾಳೇನೇ ಬರ್ತಾಳಂತೆ ಕಣೇ, ಅಳಿಸಿಬಿಡೇ" ಎಂದು ನಿನ್ನೆ ಬೇಡಿಕೊಂಡ.

ನನ್ನ ಉತ್ತರ ಕಡ್ಡಿ ಮುರಿದಂತೆ ಹೇಳುತ್ತೇನೆ. ಅಳಿಸುವುದಿಲ್ಲ. ಬ್ಲಾಗು ಮುಚ್ಚುವುದಿಲ್ಲ, ಅದರ ಒಂದಕ್ಷರವನ್ನೂ ತೆಗೆಯುವುದಿಲ್ಲ. ಬುಧವಾರ ಬೆಳಿಗ್ಗೆ ನನಗೆ ಮೊದಲನೇ ಕೀಮೋ ಕೊಡುತ್ತಾರೆ. ಆವತ್ತು ನೀನು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿರಬೇಕು. ನನಗೆ ಎರಡೂ ಬೇಕು ಅಮ್ಮ. ಚಿಕ್ಕಂದಿನಿಂದಲೂ ನಾನು ಹಾಗೇ ಅಂತ ನೀನೇ ಬೈಯುತ್ತಿದ್ದೆಯಲ್ಲ, ಬೈದುಕೋ.

ನಾನು ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಡುವ ಮೊದಲೇ ನೀನು ಕಥೆ ಕಟ್ಟಿ ಮುಗಿಸಿದ್ದೆ. ಅಂಗಡಿಯ ಗಿರಾಕಿಗಳಿಗೂ ನೆಂಟರಿಗೂ ಮಹಡಿ ಮನೆಯ ಟೀಚರಿಗೂ ಒಂದೇ ಮಾತು: ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಾಳೆ. ನನ್ನ ಎಡ ಎದೆಯನ್ನು ತೆಗೆದುಹಾಕಿದ್ದಾರೆ ಎಂದು ಮನೆಯ ಹೊರಗೆ ಯಾರಿಗೂ ತಿಳಿಯಬಾರದಿತ್ತು. ಮನೆಗೆ ಬಂದಾಗ ಕಂಕುಳ ಕೆಳಗಿನಿಂದ ಎರಡು ನಳಿಕೆ ಜೋತಾಡುತ್ತಿದ್ದವು, ಅವುಗಳ ತುದಿಗೆ ಗಾಯದ ನೀರು ತುಂಬುವ ಪುಟ್ಟ ಬಾಟಲಿಗಳು. ಕರೆಗಂಟೆ ಹೊಡೆದ ಕೂಡಲೇ ನೀನು ಓಡಿ ಬಂದು ಬಾಟಲಿಗಳನ್ನು ಹೊದಿಕೆಯೊಳಗೆ ತುರುಕಿ, ದಿಂಬಿನ ಚೀಲ ಹರಿದು ಮಾಡಿದ ಪಟ್ಟಿಯಲ್ಲಿ ನನ್ನ ಕೈಯನ್ನು ಕೊರಳಿಗೆ ತೂಗುಹಾಕುತ್ತಿದ್ದೆ. ನಾನು ದರ್ಜಿ. ನೀನು ಕಟ್ಟಿದ ಆ ಗಂಟು ನೋಡಿದರೆ ನನಗೆ ಗಾಯಕ್ಕಿಂತ ಹೆಚ್ಚು ಅಳು ಬರುತ್ತಿತ್ತು.

ಟೀಚರು ಮೊದಲ ಸಲ ಬಂದಾಗ ನೀನು ಎಡಗೈ ಕಟ್ಟಿದ್ದೆ. ಎರಡನೇ ಸಲ ಬಂದಾಗ ಎಡಗೈ ಮುಟ್ಟಿದರೆ ಜೀವ ಹೋಗುತ್ತದೆ ಎಂದು ನಾನು ಚೀರಿದೆ, ನೀನು ಗಡಿಬಿಡಿಯಲ್ಲಿ ಬಲಗೈ ಕಟ್ಟಿಬಿಟ್ಟೆ. ಅವರು ನೋಡಿದರು, ಹುಬ್ಬು ಏರಿಸಿದರು. "ಮೊನ್ನೆ ಎಡಗೈ ಅಲ್ವಾ?" ಎಂದರು. ನೀನು ಕಣ್ಣು ಕೂಡ ಮಿಟುಕಿಸಲಿಲ್ಲ. "ಎರಡೂ ಮುರಿದಿದೆ ಟೀಚರೇ, ಒಂದಾದ್ಮೇಲೆ ಒಂದು" ಎಂದುಬಿಟ್ಟೆ. ಮಾರನೇ ದಿನ ಪಾಪ ಅವರು ಮೂಳೆ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಮಾತ್ರೆ ತಂದುಕೊಟ್ಟು ಹೋದರು. ಕ್ಯಾನ್ಸರಿಗೆ ಕ್ಯಾಲ್ಸಿಯಂ! ನಗು ಬಂದರೆ ಹೊಲಿಗೆ ಎಳೆಯುತ್ತದೆ, ಆದರೂ ನಾನು ದಿಂಬು ಕಚ್ಚಿಕೊಂಡು ನಕ್ಕೆ.

ನಕ್ಕಿದ್ದು ಒಬ್ಬಳೇ. ಕಷ್ಟ ಇದ್ದದ್ದು ಅಲ್ಲಿಯೇ ಅಮ್ಮ. ನೋವನ್ನು ಬಚ್ಚಿಡಬಹುದು, ನಗುವನ್ನು ಹಂಚಿಕೊಳ್ಳಲು ಯಾರೂ ಇಲ್ಲ ಅಂದರೆ ಹುಚ್ಚು ಹಿಡಿಯುತ್ತದೆ. ನಿನಗೆ ಹೇಳಿದರೆ ಮುಖ ಊದಿಸಿಕೊಳ್ಳುತ್ತಿದ್ದೆ. ಹಾಗಾಗಿ ನೀನು ಮಧ್ಯಾಹ್ನ ಕಣ್ಣು ಮುಚ್ಚಿದ ಹೊತ್ತಿನಲ್ಲಿ, ಬಲಗೈಯ ಒಂದೇ ಬೆರಳಲ್ಲಿ ಫೋನಿನಲ್ಲಿ ಕುಟ್ಟತೊಡಗಿದೆ. ಮೊದಮೊದಲು ಬರೆದದ್ದು ಬರೀ ಬೈಗುಳ. ಗೆಡ್ಡೆಗೆ, ಡಾಕ್ಟರಿಗೆ, ನನ್ನನ್ನು ಮೂಳೆ ಮುರಿದವಳೆಂದು ಸಂತೈಸಲು ಬಂದವರಿಗೆ, ಒಮ್ಮೊಮ್ಮೆ ನಿನಗೂ. ಹೆಸರು ಹಾಕಿರಲಿಲ್ಲ. "ದರ್ಜಿ" ಎಂದಷ್ಟೇ ಹಾಕಿಕೊಂಡಿದ್ದೆ.

ಯಾರು ಓದುತ್ತಾರೆ ಅಂದುಕೊಂಡಿದ್ದೆ. ಓದಿದರು. ಒಬ್ಬಳು ಬಸ್ ಕಂಡಕ್ಟರು, ಎರಡೂ ಕಡೆ ತೆಗೆಸಿಕೊಂಡು ಮತ್ತೆ ಡ್ಯೂಟಿಗೆ ಹೋಗುತ್ತಿರುವವಳು. ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುತ್ತಾ ತೋಳನ್ನು ದಿನಕ್ಕಿಷ್ಟು ಮೇಲಕ್ಕೆ ತರುವುದನ್ನು ಅವಳೇ ನನಗೆ ಕಲಿಸಿದಳು. ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲೂ ಅದು ಇತ್ತು, ಆದರೆ ಹಾಳೆ ನನ್ನನ್ನು ಗದರುತ್ತಿರಲಿಲ್ಲ. ಇನ್ನೊಬ್ಬ ಕ್ಷೌರದಂಗಡಿಯವನು. ಗಂಟಲಿನ ಆಪರೇಷನ್ ಆಗಿ ಮಾತು ಹೋಗಿದೆ. "ನಾನು ಮೂಕನಾದ ಮೇಲೆ ಗಿರಾಕಿಗಳು ಜಾಸ್ತಿಯಾಗಿದ್ದಾರೆ, ಮೊದಲೇ ಬಾಯಿ ಮುಚ್ಕೊಂಡಿರಬೇಕಿತ್ತು" ಎಂದು ಬರೆದಿದ್ದ. ಕೀಮೋ ಶುರುವಾದರೆ ನನ್ನ ಕೂದಲು ಉದುರುವ ಮೊದಲೇ ತಾನೇ ಬಂದು ಬೋಳಿಸಿಕೊಡುತ್ತಾನಂತೆ. ಇವರಲ್ಲಿ ಒಬ್ಬರೂ "ಧೈರ್ಯವಾಗಿರು" ಎಂದು ಬರೆದವರಲ್ಲ. ನನಗೆ ಅವರು ಹಿಡಿಸಿದ್ದೇ ಅದಕ್ಕೆ.

ಆ ಬಾಟಲಿಗಳಿಗೆ ನಾನೇ ಉಪಾಯ ಕಂಡುಹಿಡಿದೆನಲ್ಲ, ಸಡಿಲ ಅಂಗಿಯ ಒಳಗೆ ಸೊಂಟದ ಹತ್ತಿರ ಎರಡು ಜೇಬು, ನಳಿಕೆ ಮಡಚಿಕೊಳ್ಳದ ಹಾಗೆ ಓರೆ ಬಾಯಿ? ನಾನು ಹೇಳಿಕೊಟ್ಟ ಹಾಗೆ ನೀನೇ ಮೆಷಿನ್ ತುಳಿದು ಹೊಲಿದದ್ದು. ಅದರ ಅಳತೆ, ಕತ್ತರಿಸುವ ಗೆರೆ ಎಲ್ಲವನ್ನೂ ಬ್ಲಾಗಿನಲ್ಲಿ ಹಾಕಿದೆ. ಎಲ್ಲೆಲ್ಲಿಯ ಹೆಂಗಸರೋ ಹೊಲಿದುಕೊಂಡು ಫೋಟೋ ಕಳಿಸಿದರು. ಒಬ್ಬಳು ಗಂಡನ ಹಳೇ ಕೋಟಿನ ಅಸ್ತರು ಬಿಚ್ಚಿ ಹೊಲಿದಿದ್ದಳು, ಹೊಲಿಗೆ ಸೊಟ್ಟಂಪಟ್ಟ, ಜೇಬು ಮಾತ್ರ ಸರಿಯಾಗಿ ಕೂತಿತ್ತು. ಕತ್ತರಿ ಹಿಡಿಯಲಾಗದೆ ಬಿದ್ದುಕೊಂಡಿದ್ದ ದಿನಗಳಲ್ಲಿ ನಾನಿನ್ನೂ ದರ್ಜಿಯೇ ಎಂದು ನನಗೆ ಗೊತ್ತಾದದ್ದು ಆ ಸೊಟ್ಟ ಜೇಬು ನೋಡಿ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಗಾಯ ತೋರಿಸಲು ಹೋಗಬೇಕಿದ್ದ ದಿನ, ಡಾಕ್ಟರು ರಜ ಎಂದು ನಿನಗೆ ಹೇಳಿದೆನಲ್ಲ, ಅವರು ರಜ ಹಾಕಿರಲಿಲ್ಲ. ನನಗೆ ಸಾಕಾಗಿತ್ತು. ಹೊಲಿಗೆಯ ಸುತ್ತ ಕೆಂಪಗಾಗಿ ಬಿಸಿಯೇರಿದ್ದರೂ ಏನಾದರಾಗಲಿ ಎಂದು ಮಲಗಿದ್ದೆ. ಹಾಗೆಂದು ಬ್ಲಾಗಿನಲ್ಲಿ ಬರೆದೆ. ಕಂಡಕ್ಟರು ಕೂಡಲೇ ಉತ್ತರ ಬರೆದಳು: "ಮೊದಲು ಬಸ್ ಹತ್ತು. ಹತ್ತಿದ ಮೇಲೆ ಅಳು, ಬೇಕಾದಷ್ಟು ಅಳು." ನಾನು ಗುಂಡಿ ತರುತ್ತೇನೆಂದು ನಿನಗೆ ಹೇಳಿ ಹೊರಟೆ. ಕೀವು ತುಂಬಿತ್ತು, ಆಸ್ಪತ್ರೆಯಲ್ಲಿ ಹೊಲಿಗೆ ಬಿಡಿಸಿ ತೊಳೆದರು. ಇನ್ನೂ ತಡವಾಗಿದ್ದರೆ ಮತ್ತೆ ಆಪರೇಷನ್ ಥಿಯೇಟರಿಗೆ ಹೋಗಬೇಕಾಗುತ್ತಿತ್ತಂತೆ. ಯಾವುದನ್ನು ಅಳಿಸು ಅನ್ನುತ್ತಿದ್ದೀಯೋ, ಅದು ಇದು.

ಟೀಚರು ಬ್ಲಾಗು ಓದಿದ್ದು ಹೇಗೋ ನನಗೆ ಗೊತ್ತಿಲ್ಲ. ನಾನು ಬರೆದಿದ್ದ ಎರಡೂ ಕೈ ಮುರಿದ ಕಥೆಯನ್ನು ಜನ ಒಬ್ಬರಿಗೊಬ್ಬರು ಕಳಿಸಿದ್ದರು, ಅವರ ಸ್ಟಾಫ್ ರೂಮಿಗೂ ಅದು ಹೋಗಿರಬೇಕು. ಕೆಳಗೆ ಇಳಿದು ಬಂದು ಬಾಗಿಲಲ್ಲೇ ನಿಂತು, "ನಾನು ಕೊಟ್ಟ ಮಾತ್ರೆ ಏನು ಮಾಡಿದ್ರಿ?" ಎಂದು ನಿನ್ನನ್ನು ಕೇಳಿದರು. "ನಾನೇ ನುಂಗಿದೆ, ಮಂಡಿ ನೋವಿತ್ತು" ಅಂದೆ ನೀನು. ಅವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನನ್ನ ಮಂಚದ ಮೇಲೆ ಕುಳಿತು ಕಣ್ಣೊರೆಸಿಕೊಂಡರು. ಈಗ ಸಂಜೆ ಹೊತ್ತು ಸಾರು ತಂದುಕೊಡುವವರು ಅವರೇ.

ಮಾನ ಮರ್ಯಾದೆ ಬೀದಿಪಾಲಾಯಿತು, ಅದಕ್ಕೇ ಮನೆ ಬಿಟ್ಟು ಬಂದೆ ಎಂದು ಅಣ್ಣನಿಗೆ ಹೇಳಿದ್ದೀಯಂತೆ. ಸುಳ್ಳು. ಟೀಚರು ಹೋದ ಮೇಲೂ ನೀನು ಗೊಣಗುತ್ತಾ ಅನ್ನಕ್ಕಿಟ್ಟೆ. ನೀನು ಚೀಲ ತುಂಬಿದ್ದು ಮಾರನೇ ದಿನ, ನಾನು ದೊಡ್ಡಮ್ಮನ ಬಗ್ಗೆ ಕೇಳಿದ ಮೇಲೆ.

ಆ ಕಥೆಗೆ ಬಂದ ಕಾಮೆಂಟುಗಳ ನಡುವೆ ಒಬ್ಬಳು ನನಗೊಬ್ಬಳಿಗೇ ಬರೆದಿದ್ದಳು. "ನೀನು ಚಿಕ್ಕಮ್ಮನ ಮಗಳಲ್ಲವಾ? ಒಂದಾದ್ಮೇಲೆ ಒಂದು ಮುರೀತು ಅಂತ ಅವಳು ಬಿಟ್ಟು ಇನ್ಯಾರು ಹೇಳ್ತಾರೆ?" ದೊಡ್ಡಮ್ಮನ ಮಗಳು ಅಮ್ಮ, ನಮ್ಮ ಅಕ್ಕ! ತಾಯಿ ಸತ್ತ ಮೇಲೆ ಅಪ್ಪನ ಜೊತೆ ಊರು ಬಿಟ್ಟವಳು, ಇಷ್ಟು ವರ್ಷ ನಾವು ಹುಡುಕದೇ ಇದ್ದವಳು. ತನ್ನಮ್ಮ ಸುಡುಬಿಸಿಲಲ್ಲೂ ಶಾಲು ಹೊದ್ದಿರುತ್ತಿದ್ದಳಂತೆ. ತಬ್ಬಿಕೊಳ್ಳಲು ಹೋದರೆ ನೀನು ಇವಳನ್ನು ಎಳೆದುಕೊಂಡು ಹೋಗಿ, ಕಾಮಾಲೆ, ಮುಟ್ಟಿದರೆ ಅಂಟುತ್ತೆ ಅನ್ನುತ್ತಿದ್ದೆಯಂತೆ. ಕಾಮಾಲೆಗೆ ಎದೆ ಮುಚ್ಚುವುದು ಯಾಕೆ ಎಂದು ಅವಳು ನನ್ನನ್ನು ಕೇಳಿದಳು. ನಾನು ನಿನ್ನನ್ನು ಕೇಳಿದೆ. ನೀನು ಹೋಗಿ ಚೀಲ ತೆಗೆದೆ.

ನಮ್ಮ ಡಾಕ್ಟರು ಮೊದಲ ದಿನವೇ ಮನೆಯಲ್ಲಿ ಯಾರಿಗಾದರೂ ಇದು ಇತ್ತೇ ಎಂದು ಕೇಳಿದ್ದರು. ನಾನು ಬಾಯಿ ತೆರೆಯುವ ಮೊದಲೇ ನೀನು "ನಮ್ಮ ಕಡೆ ಯಾರಿಗೂ ಇಲ್ಲ ಡಾಕ್ಟ್ರೇ" ಅಂದೆ. ನನಗೆ ಸಿಟ್ಟು ಬಂದಿದೆ, ಹೌದು. ಮೊದಲೇ ಗೊತ್ತಿದ್ದರೆ ವರ್ಷಕ್ಕೊಮ್ಮೆಯಾದರೂ ತೋರಿಸಿಕೊಳ್ಳುತ್ತಿದ್ದೆ, ಗೆಡ್ಡೆ ನಿಂಬೆಹಣ್ಣಿನಷ್ಟಾಗುವವರೆಗೆ ಬೆವರುಗುಳ್ಳೆ ಅಂದುಕೊಂಡು ಕೂರುತ್ತಿರಲಿಲ್ಲ. ಆದರೆ ಸಿಟ್ಟಿನ ಜೊತೆಗೆ ಇನ್ನೊಂದೂ ಬಂದಿದೆ. ನಿನ್ನ ಅಕ್ಕನ ಗಾಯವನ್ನು ಒಬ್ಬಳೇ ತೊಳೆದು, ಆ ಬಟ್ಟೆಗಳನ್ನು ಯಾರೂ ನೋಡದ ಹಾಗೆ ಒಗೆದು, ಅವಳ ಮಗಳ ಎದುರು ಸುಳ್ಳು ಹೇಳಿ, ಅವಳು ಹೋದ ಮೇಲೆ ಯಾರ ಹತ್ತಿರವೂ ಅಳದೆ ಇದ್ದವಳು ನೀನು. ಆಗ ನಿನಗೆ ಎಷ್ಟು ವಯಸ್ಸಮ್ಮ? ನಿನ್ನನ್ನು ಗದರಿ ಬಸ್ ಹತ್ತಿಸಲು ಒಬ್ಬ ಕಂಡಕ್ಟರೂ ಇರಲಿಲ್ಲ.

ಆದರೂ ನಿನ್ನ ದಾರಿಯಲ್ಲಿ ನಾನು ನಡೆಯುವುದಿಲ್ಲ. ನಾನು ಶಾಲು ಹೊದೆಯುವುದಿಲ್ಲ. ಹತ್ತಿ ತುಂಬಿದ ಉಬ್ಬು ಹೊಲಿದುಕೊಳ್ಳುವುದಿಲ್ಲ. ನಿನ್ನೆ ಅಂಗಡಿ ಬಾಗಿಲು ತೆಗೆದೆ. ಎಡಗಡೆ ಚಪ್ಪಟೆಯಾಗಿ ಕೂರುವ ಹಾಗೆ ನನ್ನ ಅಂಗಿಯನ್ನು ನಾನೇ ಕತ್ತರಿಸಿದ್ದೆ, ಮೆಷಿನ್ ತುಳಿದದ್ದು ಟೀಚರು. ಅದನ್ನೇ ತೊಟ್ಟು ಕೌಂಟರಿನ ಹಿಂದೆ ನಿಂತೆ. ಕೆಲವರು ನೋಡಿದರು, ಕೆಲವರು ನೋಡದ ಹಾಗೆ ನೋಡಿದರು. ಒಬ್ಬಳು ಪಿಸುಮಾತಿನಲ್ಲಿ ಕೇಳಿದಳು. ನಾನು ಎಂದಿನ ದನಿಯಲ್ಲೇ ಕ್ಯಾನ್ಸರ್ ಎಂದು ಹೇಳಿ ಅವಳ ತೋಳಿನ ಅಳತೆ ತೆಗೆದುಕೊಂಡೆ.

ನೀನು ಬರದಿದ್ದರೂ ಬುಧವಾರ ನಾನು ಹೋಗುತ್ತೇನೆ. ಕಂಡಕ್ಟರು ರಜ ಹಾಕಿ ಬರುತ್ತೇನೆ ಅಂದಿದ್ದಾಳೆ. ನಾನು ಒಂಟಿಯಲ್ಲ, ಅದಕ್ಕಾಗಿ ಹೆದರಿ ಬರಬೇಡ. ಆದರೆ ಸೂಜಿ ಚುಚ್ಚುವಾಗ ಮುಖ ತಿರುಗಿಸಿಕೊಂಡು ನನ್ನ ಕೈ ಹಿಡಿಯುವವಳು ನೀನೊಬ್ಬಳೇ, ಉಳಿದವರೆಲ್ಲ ಸೂಜಿಯನ್ನೇ ನೋಡುತ್ತಾರೆ. ಬಾ. ನಿನ್ನ ಹಳೇ ಸುಳ್ಳುಗಳನ್ನು ಅಲ್ಲೇ ಬಿಟ್ಟು ಬಾ.

ನಿನ್ನ ಮಾತು ಕೇಳದ,
ಮಗಳು

ತಾ.ಕ.: ಅಕ್ಕ ಬ್ಲಾಗು ಓದಿದ ವಾರವೇ ಹೋಗಿ ತೋರಿಸಿಕೊಂಡಳು. ಅವಳಿಗೂ ಇದೆ ಅಮ್ಮ. ಬಟಾಣಿಯಷ್ಟು, ಬೇಗ ಸಿಕ್ಕಿದೆ, ಪೂರ್ತಿ ವಾಸಿಯಾಗುತ್ತದೆ ಎಂದಿದ್ದಾರೆ. ಬರುವ ತಿಂಗಳು ಆಪರೇಷನ್. ಅದಕ್ಕೆ ಮೊದಲು ನಿನ್ನ ಪಕ್ಕ ಕುಳಿತು, ತನ್ನಮ್ಮ ಕೊನೆಯಲ್ಲಿ ತನ್ನನ್ನು ಕೇಳಿದಳಾ ಎಂದು ತಿಳಿದುಕೊಳ್ಳಬೇಕಂತೆ. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದರೆ ನೀನು ಚೀಲ ಹಿಡಿದು ಓಡಿ ಬರುತ್ತಿದ್ದೆ, ನನಗೆ ಗೊತ್ತು. ನೀನು ಮೊದಲು ನನಗೋಸ್ಕರ ಬರಲು ಮನಸ್ಸು ಮಾಡಬೇಕು ಅಂತ ಕೊನೆಗಿಟ್ಟೆ.