ಹಡಗಿಗೆ ಅಡ್ಡ ಹೋಗಬೇಡಿ

ಹಡಗಿನಿಂದ,
ಮಾರ್ಚ್ ೧೧

ಪ್ರೀತಿಯ ಅಪ್ಪನಿಗೆ,

ದೂರದಿಂದಲೇ ನಮಸ್ಕಾರ. ಈ ಕಾಗದವನ್ನು ನಿಮಗೆ ಓದಿ ಹೇಳುತ್ತಿರುವ ತಂಗಿಗೆ ಪ್ರೀತಿಯ ಒಂದು ಗುದ್ದು. ಉತ್ತರ ತಡವಾಯಿತೆಂದು ಅಮ್ಮ ಮುಖ ಊದಿಸಿಕೊಂಡಿದ್ದಾಳಂತೆ. ಸೋಮಾರಿತನವಲ್ಲ ಅಪ್ಪಾ, ಪೆನ್ನು ಹಿಡಿದರೆ ಸಾಕು ಕಣ್ಣು ಎಳೆಯುತ್ತದೆ. ಪಹರೆ ಮುಗಿಸಿ ಬಂದು ಷೂ ಬಿಚ್ಚುವಷ್ಟರಲ್ಲಿ ಮತ್ತೆ ಪಹರೆಗೆ ಕರೆ ಬಂದಿರುತ್ತದೆ.

ಪರದೇಶದ ನೀರಿನಲ್ಲಿ ನಮ್ಮದು ಕಾವಲುಗಾರನ ಕೆಲಸ. ಸರಕು ಹಡಗುಗಳು ಸಾಲಾಗಿ ಹೋಗುತ್ತವೆ, ಕಡಲ್ಗಳ್ಳರು ಮೇಲೆ ಬೀಳದಂತೆ ನಾವು ಪಕ್ಕದಲ್ಲಿ ಸಾಗುತ್ತೇವೆ. ನನಗೆ ಎಡಬದಿಯ ಮೆಷಿನ್ ಗನ್. ಕಾದ ಕಬ್ಬಿಣದ ಮೇಲೆ ನಿಂತು ನಿಂತು ಅಂಗಾಲು ಉರಿಯುತ್ತದೆ. ನೋಡುವುದಕ್ಕೆ ನೀರು ಬಿಟ್ಟರೆ ಏನೂ ಇಲ್ಲ, ಆದರೂ ನೋಡುತ್ತಲೇ ಇರಬೇಕು, ಸುಸ್ತಾಗುವುದು ಅದರಿಂದಲೇ. ಮಲಗುವುದಕ್ಕೆ ಒಂದರ ಮೇಲೊಂದು ಮೂರು ಹಾಸಿಗೆ, ನನ್ನದು ನಡುವಿನದು. ಮೇಲಿನವನದು ಗೊರಕೆ, ಕೆಳಗಿನವನದು ಗೊಣಗಾಟ. "ಇವನ ಗೊರಕೆಗೇ ಕಳ್ಳರು ಓಡಿಹೋಗ್ತಾರೆ, ನಮ್ಮನ್ಯಾಕೆ ಕರ್ಕೊಂಡು ಬಂದ್ರೋ" ಎಂದು ಕೆಳಗಿನವನು ರೇಗುತ್ತಾನೆ. ನಗುವುದಕ್ಕೂ ತ್ರಾಣವಿಲ್ಲದೆ ಮಗ್ಗುಲು ಬದಲಿಸುತ್ತೇನೆ.

ಕಳೆದ ವಾರ ಒಂದು ಸಂಗತಿ ನಡೆಯಿತು. ಮಧ್ಯಾಹ್ನ ಒಂದು ಸಣ್ಣ ದೋಣಿ ನೇರವಾಗಿ ನಮ್ಮತ್ತಲೇ ನುಗ್ಗಿ ಬಂತು. ಲೌಡ್‌ಸ್ಪೀಕರಿನಲ್ಲಿ ಎಷ್ಟು ಕೂಗಿದರೂ ನಿಲ್ಲಲಿಲ್ಲ. ಒಬ್ಬ ಎದ್ದು ನಿಂತು ಬಟ್ಟೆ ಬೀಸುತ್ತಿದ್ದ. ಎಲ್ಲರೂ ಕಳ್ಳರೆಂದೇ ತಿಳಿದರು. ನನಗೆ ಮಾತ್ರ ನೀವು ನೆನಪಾದಿರಿ. ದೊಡ್ಡ ಹಡಗು ಬಲೆಯ ಮೇಲೆ ಬಂದರೆ ನೀವೂ ಹೀಗೇ ಅಲ್ಲವೇ, ದೋಣಿಯನ್ನು ಅದರ ಮೂತಿಗೇ ಅಡ್ಡ ಬಿಟ್ಟು, ಅಂಗಿ ಬಿಚ್ಚಿ ಬೀಸಿ, ಬಾಯಿಗೆ ಬಂದಂತೆ ಬೈದು ತಿರುಗಿಸುವುದು? ಪಕ್ಕದಲ್ಲಿದ್ದ ಸಾಹೇಬರಿಗೆ, "ಇವರು ಕಳ್ಳರಲ್ಲ ಸಾರ್. ಮುಂದೆ ಬಲೆ ಹಾಕಿರಬೇಕು, ಅದನ್ನ ಉಳಿಸ್ಕೊಳ್ಳೋಕೆ ಬರ್ತಿದ್ದಾರೆ" ಎಂದೆ.

"ಖಾತ್ರಿನಾ?" ಎಂದರು.

"ನಮ್ಮಪ್ಪ ಮಾಡೋದೂ ಇದೇ ಸಾರ್" ಎಂದೆ.

ಹಡಗು ಪಕ್ಕಕ್ಕೆ ತಿರುಗಿತು, ಬಲೆ ಉಳಿಯಿತು. ಅವರು ಕೈ ಬೀಸಿ ಹೋದರು. ಸಾಹೇಬರು ನನ್ನ ಬೆನ್ನು ತಟ್ಟಿದರು. ನಿಮ್ಮ ಮಗ ಎನ್ನಿಸಿಕೊಂಡೆ, ನೋಡಿ.

ಆದರೂ ಒಂದು ಮಾತು. ಇನ್ನು ಮೇಲೆ ನೀವು ಹಡಗಿಗೆ ಅಡ್ಡ ಹೋಗಬೇಡಿ. ಬಲೆ ಹೋದರೆ ಹೋಗಲಿ. ಹಟ ಹಿಡಿದರೆ ನೀವು ಯಾರ ಮಾತೂ ಕೇಳುವವರಲ್ಲ, ಗೊತ್ತು. ಇದೊಂದು ಸಲ ಕೇಳಿ.

ನಮ್ಮ ಕಾವಲನ್ನು ಮತ್ತೆ ಮುಂದುವರಿಸುತ್ತಾರಂತೆ. ಯಾವಾಗ ಬರುತ್ತೀ ಎಂದು ಅಮ್ಮ ಕೇಳಿದರೆ ಬೇಗ ಎಂದು ಹೇಳಿ. ಅವಳ ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ತಪ್ಪಿಸಬೇಡಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ, ಮನೆಯಲ್ಲಿ ಎಲ್ಲರೂ ತಣ್ಣಗಿರಿ.

ಇಂತಿ,
ನಿಮ್ಮ ದೊಡ್ಡವನು

ತಾ.ಕ.: ತಂಗೀ, ಇಲ್ಲಿಂದ ಮುಂದಿನದನ್ನು ಗಟ್ಟಿಯಾಗಿ ಓದಬೇಡ. ನೀನೊಬ್ಬಳೇ ಮನಸ್ಸಿನಲ್ಲಿ ಓದಿಕೊ.

ಅಪ್ಪ ನೆನಪಾದದ್ದು ನಿಜ. ಸಾಹೇಬರಿಗೆ ಬಲೆಯ ವಿಷಯ ಹೇಳಿದ್ದೂ ನಿಜ. ಆದರೆ ಅವರು "ಖಾತ್ರಿನಾ?" ಎಂದಾಗ ಇನ್ನೊಂದು ದೋಣಿಯೂ ನೆನಪಾಯಿತು. ಹಿಂದಿನ ತಿಂಗಳು ಇಂಥದೇ ದೋಣಿಯಲ್ಲಿ ಬಂದವರು ಸರಕು ಹಡಗೊಂದರ ಅಡುಗೆಯವನನ್ನು ಕೊಂದಿದ್ದರು. ನಿದ್ದೆಗೆಟ್ಟ ತಲೆಗೆ ಏನೂ ತೋಚಲಿಲ್ಲ. "ಹೇಳೋಕಾಗಲ್ಲ ಸಾರ್" ಎಂದುಬಿಟ್ಟೆ. ಮೊದಲು ನೀರಿಗೆ ಗುಂಡು ಹಾರಿಸಲು ಹೇಳಿದರು, ಹಾರಿಸಿದೆ. ಅವರು ನಿಲ್ಲಲಿಲ್ಲ. ಅಪ್ಪನಾದರೂ ನಿಲ್ಲುತ್ತಿದ್ದರೇ? ಆಮೇಲೆ ದೋಣಿಗೇ ಹಾರಿಸಲು ಹೇಳಿದರು. ಬಟ್ಟೆ ಬೀಸುತ್ತಿದ್ದವನು ಬಿದ್ದುಹೋದ. ದೋಣಿಯನ್ನೆಲ್ಲ ಹುಡುಕಿದರು, ಮೀನು ಕೊಯ್ಯುವ ಚಾಕು ಬಿಟ್ಟರೆ ಏನೂ ಸಿಗಲಿಲ್ಲ. ಬಲೆ ಸ್ವಲ್ಪ ಮುಂದೆಯೇ ಇತ್ತು. ಸತ್ತವನಿಗೆ ಅಪ್ಪನಷ್ಟೇ ವಯಸ್ಸು.

ಅಪ್ಪನಿಗೆ ಸಂತೋಷವಾಗಲಿ ಎಂದು ಮೇಲಿನ ಸುಳ್ಳು ಬರೆದೆ. ಈಗ ಓದಿ ನೋಡಿದರೆ ಭಯವಾಗುತ್ತಿದೆ. ಅಡ್ಡ ಹೋಗಬೇಡಿ ಎಂದ ಮಾತು ಅವರ ಕಿವಿಗೆ ಬೀಳುವುದಿಲ್ಲ. ಬಟ್ಟೆ ಬೀಸಿದರೆ ಹಡಗು ತಿರುಗುತ್ತದೆ ಎನ್ನುವುದೊಂದೇ ಬೀಳುತ್ತದೆ. ನಾಳೆಯೇ ಎದೆಯುಬ್ಬಿಸಿಕೊಂಡು ಹೊರಡುತ್ತಾರೆ.

ಬೇಡ ಕಣೇ. ಇದನ್ನೂ ಗಟ್ಟಿಯಾಗಿ ಓದು. ಅವರು ಮತ್ತೆ ನನ್ನ ಮುಖ ನೋಡದಿದ್ದರೂ ಸರಿ, ಒಂದಕ್ಷರ ಬಿಡದೆ ಓದು.