ಸೂರ್ಯ ಸರಿಸಿದ ಕಲ್ಲು

ಹಾರೋಹಳ್ಳಿ, 4-11-2003

ಅಕ್ಕನಿಗೆ ನಮಸ್ಕಾರ.

ಇದ್ದೇನೆ, ಸುಸ್ತಾಗಿದ್ದೇನೆ. ಹೊಸ ಕಾರ್ಖಾನೆಗೆ ಜಮೀನು ಅಳೆಯುತ್ತಿದ್ದೇವಲ್ಲ, ಕಳೆದ ವಾರ ಜಿಪಿಎಸ್ ಯಂತ್ರ ತೋರಿಸಿದ ಜಾಗದಲ್ಲಿ ಗಡಿಕಲ್ಲು ನೆಟ್ಟೆವು. ಆಮೇಲೆ ಗೊತ್ತಾಯಿತು: ಆ ದಿನ ಸೂರ್ಯನಲ್ಲಿ ಭಾರೀ ಸ್ಫೋಟವಾಗಿ, ಅಲ್ಲಿಂದ ಸಿಡಿದು ಬಂದ ಬಿರುಗಾಳಿ ನಮ್ಮ ಮೇಲಾಕಾಶವನ್ನೇ ಕದಡಿ, ಉಪಗ್ರಹದ ಲೆಕ್ಕ ತಪ್ಪಿಸಿತ್ತು. ಹಾಗಾಗಿ ಕಲ್ಲು ಇರಬೇಕಾದ ಜಾಗದಿಂದ ಕೆಲವು ಅಡಿ ಸರಿದು, ಮಾಯಮ್ಮ ಎಂಬ ಮುದುಕಿಯ ಬಾವಿ ಕಾರ್ಖಾನೆಯ ಪಾಲಾಗದೆ ಉಳಿದುಬಿಟ್ಟಿದೆ.

ನಿನ್ನೆ ಹೋಗಿ, ಸೂರ್ಯನಿಂದ ಹೀಗಾಯಿತು, ಕಲ್ಲು ಕೀಳಬೇಕು ಎಂದು ಬಿಡಿಸಿ ಹೇಳಿದೆ. ಆಕೆ ಮನೆಗೆ ಹೋಗಿ, ಅರಿಶಿನ ಕುಂಕುಮ ತಂದು ಕಲ್ಲಿಗೆ ಬಳಿದಳು.

"ಸೂರ್ಯದೇವ್ರೇ ಸರಿಸವ್ನೆ ಅಂತ ನೀನೇ ಯೋಳ್ತೀಯ. ಕೀಳಕ್ಕೆ ನೀನ್ಯಾರಪ್ಪ?"

ಇವತ್ತು ನೋಡಿದರೆ ಊರವರು ಅಲ್ಲಿ ಕಾಯಿ ಒಡೆಯುತ್ತಿದ್ದಾರೆ.

ಹೊಟ್ಟೆನೋವು ಕಡಿಮೆಯಾಗಿದೆ. ಮುದ್ದೆ ನುಂಗಲು ಇನ್ನೂ ಬಂದಿಲ್ಲ. ನಾನು ಜಗಿಯುತ್ತೇನೆ, ಇಲ್ಲಿಯವರು ನಗುತ್ತಾರೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಾಳೆ ಕಲ್ಲು ಕೀಳಲೇಬೇಕೆಂದು ಸಾಹೇಬರ ಹುಕುಂ. ಚಪ್ಪಲಿ ದೂರದಲ್ಲೇ ಬಿಟ್ಟು ಹೋಗುತ್ತೇನೆ.

ನಿನ್ನ ತಮ್ಮ,
ಶಿವಪುತ್ರ